ಪ್ರಾದೇಶಿಕ ವಿಜ್ಞಾನದ ಪಿಎಚ್‌ಡಿ ಪ್ರಬಂಧಕ್ಕೆ ಫೆಲೋಶಿಪ್: ಅರ್ಜಿ ಎಲ್ಲಿ ಎಡವುತ್ತದೆ?

ಪ್ರಶ್ನೆ: ಅಮೆರಿಕದ ವಿಶ್ವವಿದ್ಯಾಲಯವೊಂದರಲ್ಲಿ ಕೃಷಿ ಅರ್ಥಶಾಸ್ತ್ರದ ಪಿಎಚ್‌ಡಿ, ಮೂರನೇ ವರ್ಷ. ದೊಡ್ಡ ಕಾರ್ಖಾನೆ ಮುಚ್ಚಿದರೆ ಆ ಕೌಂಟಿಯ (ನಮ್ಮ ಜಿಲ್ಲೆಯಂಥ ಆಡಳಿತ ಘಟಕ) ಮತ್ತು ಸುತ್ತಲಿನ ಕೌಂಟಿಗಳ ಉದ್ಯೋಗ, ವಲಸೆ ಏನಾಗುತ್ತದೆ ಎಂಬುದು ವಿಷಯ. ಪ್ರಾದೇಶಿಕ ವಿಜ್ಞಾನಕ್ಕೆ (ಜಾಗ, ದೂರಗಳು ಆರ್ಥಿಕತೆಯನ್ನು ಹೇಗೆ ರೂಪಿಸುತ್ತವೆ ಎಂಬ ಅಧ್ಯಯನ) ಕೊಡುವ ಬೆಂಜಮಿನ್ ಸ್ಟೀವನ್ಸ್ ಫೆಲೋಶಿಪ್‌ಗೆ ಅರ್ಜಿ ಹಾಕುವ ಯೋಚನೆ ಇದೆ. ಬೇರೆ ಯಾವ ಹಣಕ್ಕೆ ಪ್ರಯತ್ನಿಸಬಹುದು? ಪ್ರಸ್ತಾವನೆಯಲ್ಲಿ ಮುಖ್ಯವಾಗಿ ಏನು ಇರಬೇಕು?

ಉತ್ತರ (ಪ್ರಾದೇಶಿಕ ಅರ್ಥಶಾಸ್ತ್ರ ಬೋಧಕರು): ಮೊದಲು ಹಣದ ಜಾತಿ ತಿಳಿದುಕೊಳ್ಳಿ, ಇಲ್ಲೇ ಹೆಚ್ಚಿನವರು ಗೊಂದಲ ಮಾಡಿಕೊಳ್ಳುವುದು. ಸ್ಟೀವನ್ಸ್ ಫೆಲೋಶಿಪ್ ನಾರ್ತ್ ಅಮೆರಿಕನ್ ರೀಜನಲ್ ಸೈನ್ಸ್ ಕೌನ್ಸಿಲ್‌ನದು. ಉತ್ತರ ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಪ್ರಬಂಧದ ಹಂತ ತಲುಪಿದ ವಿದ್ಯಾರ್ಥಿಗೆ ಒಂದು ವರ್ಷದ ಸ್ಟೈಪೆಂಡ್ (ಜೀವನ ವೆಚ್ಚದ ಹಣ) ಕೊಡುತ್ತದೆ. ಟ್ಯೂಷನ್ ಶುಲ್ಕವನ್ನು ನಿಮ್ಮ ವಿಶ್ವವಿದ್ಯಾಲಯ ಮನ್ನಾ ಮಾಡಬೇಕು. ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದ (ಎನ್‌ಎಸ್‌ಎಫ್) ಭೂಗೋಳ ವಿಭಾಗದ ಡಿಡಿಆರ್‌ಐ (ಪಿಎಚ್‌ಡಿ ಪ್ರಬಂಧದ ಸಂಶೋಧನೆಗೆ ಕೊಡುವ) ಮಾದರಿಯ ಅನುದಾನ, ಈಗ ಅರ್ಜಿ ಕರೆದಿದ್ದರೆ, ಇದಕ್ಕೆ ತದ್ವಿರುದ್ಧ. ಅದು ಕ್ಷೇತ್ರಕಾರ್ಯ, ಡೇಟಾ, ಪ್ರಯಾಣದ ಖರ್ಚಿಗೆ; ಸ್ಟೈಪೆಂಡ್‌ಗೂ ಟ್ಯೂಷನ್‌ಗೂ ಅಲ್ಲ. ಅದರಲ್ಲಿ ಪ್ರಧಾನ ಸಂಶೋಧಕರೆಂದು ಗೈಡ್ ಹೆಸರು, ಸಹ-ಸಂಶೋಧಕರಾಗಿ ನಿಮ್ಮ ಹೆಸರು. ಲಿಂಕನ್ ಇನ್‌ಸ್ಟಿಟ್ಯೂಟ್ ಆಫ್ ಲ್ಯಾಂಡ್ ಪಾಲಿಸಿಯ ಪ್ರಬಂಧ ಫೆಲೋಶಿಪ್ ಭೂಮಿ ಮತ್ತು ತೆರಿಗೆ ನೀತಿಗೆ ಸಂಬಂಧಿಸಿದ ಕೆಲಸಕ್ಕೆ. ಕಾರ್ಖಾನೆ ಹೋದ ಮೇಲೆ ಆಸ್ತಿ ತೆರಿಗೆ ಆದಾಯ ಕುಸಿಯುವ ಕಥೆ ನಿಮ್ಮ ಒಂದು ಅಧ್ಯಾಯದಲ್ಲಿದ್ದರೆ ಅಲ್ಲಿ ಕೇಳಬಹುದು. ಬರೀ ಉದ್ಯೋಗದ ಲೆಕ್ಕವಾದರೆ ಬೇಡ. ಟಿಬೌ, ಎಪೈನೋಸ್ ಎಂದು ಕೇಳಿರುತ್ತೀರಿ, ಅವು ಬರೆದು ಮುಗಿಸಿದ ಲೇಖನಕ್ಕೆ ಕೊಡುವ ಬಹುಮಾನಗಳು. ಮುಂದೆ ಮಾಡುವ ಕೆಲಸಕ್ಕೆ ಹಣವಲ್ಲ.

ಮೊತ್ತ, ಪುಟಮಿತಿ, ಕೊನೆಯ ದಿನಾಂಕಗಳನ್ನು ಆಯಾ ವರ್ಷದ ಪ್ರಕಟಣೆಯಲ್ಲೇ ನೋಡಿ. ಹಿಂದಿನ ವರ್ಷದ್ದನ್ನು ನಂಬಬೇಡಿ.

ಈಗ ಪ್ರಸ್ತಾವನೆ. ಅರ್ಥಶಾಸ್ತ್ರಜ್ಞ ವಾಲ್ಟರ್ ಇಸಾರ್ಡ್ ಮುಂದಾಳತ್ವದಲ್ಲಿ 1954ರಲ್ಲಿ ರೀಜನಲ್ ಸೈನ್ಸ್ ಅಸೋಸಿಯೇಷನ್ ಹುಟ್ಟಿತು, ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಆ ಹೆಸರಿನ ವಿಭಾಗವೂ ಬಂತು. 1990ರ ದಶಕದಲ್ಲಿ ಆ ವಿಭಾಗ ಮುಚ್ಚಿತು. ಇದನ್ನು ಹೇಳುತ್ತಿರುವುದಕ್ಕೆ ಕಾರಣವಿದೆ: ಈ ಕ್ಷೇತ್ರದವರು ಇವತ್ತು ಅರ್ಥಶಾಸ್ತ್ರ, ಭೂಗೋಳ, ನಗರ ಯೋಜನೆ, ಕೃಷಿ ಅರ್ಥಶಾಸ್ತ್ರ ವಿಭಾಗಗಳಲ್ಲಿ ಚದುರಿದ್ದಾರೆ. ನಿಮ್ಮ ಅರ್ಜಿ ಓದುವವರಲ್ಲಿ ಒಬ್ಬರಿಗೆ ನಿಮ್ಮ ಸಮೀಕರಣ ಸಲೀಸು, ಇನ್ನೊಬ್ಬರಿಗೆ ಅಲ್ಲ. ಮೊದಲ ಪುಟ ಇಬ್ಬರಿಗೂ ಅರ್ಥವಾಗಬೇಕು.

ಇನ್ನೊಂದು, ಇದೇ ಮುಖ್ಯ. ಒಂದು ಪ್ರದೇಶದ ಡೇಟಾ ಬಳಸಿದ ಮಾತ್ರಕ್ಕೆ ಅದು ಪ್ರಾದೇಶಿಕ ವಿಜ್ಞಾನ ಆಗುವುದಿಲ್ಲ. ಹೀಗೆ ಪರೀಕ್ಷಿಸಿ: ಕೌಂಟಿಗಳ ಅಂಕಿಅಂಶ ಹಾಗೇ ಇರಲಿ, ನಕ್ಷೆಯಲ್ಲಿ ಅವುಗಳ ಜಾಗ ಮಾತ್ರ ಅದಲುಬದಲು ಮಾಡಿ. ಆಮೇಲೂ ನಿಮ್ಮ ಫಲಿತಾಂಶ ಕದಲದಿದ್ದರೆ ಅದು ಕಾರ್ಮಿಕ ಅರ್ಥಶಾಸ್ತ್ರದ ಪ್ರಬಂಧ, ಒಳ್ಳೆಯದೇ ಇರಬಹುದು, ಆದರೆ ಈ ಫೆಲೋಶಿಪ್‌ನದಲ್ಲ. ದೂರ, ನೆರೆ, ಓಡಾಟ, ಸಾಗಣೆ ವೆಚ್ಚ, ಇವುಗಳಲ್ಲಿ ಯಾವುದು ನಿಮ್ಮ ವಾದವನ್ನು ನಡೆಸುತ್ತದೆ ಎಂದು ಎರಡನೇ ಪ್ಯಾರಾದೊಳಗೆ ಹೇಳಿ.

ಉತ್ತರ (ಸ್ಪೇಷಿಯಲ್ ಎಕನಾಮೆಟ್ರಿಕ್ಸ್, ಅಂದರೆ ಜಾಗದ ಸಂಬಂಧವನ್ನೂ ಲೆಕ್ಕಕ್ಕೆ ತರುವ ಅಂಕಿಅಂಶ ವಿಶ್ಲೇಷಣೆಯ ಸಂಶೋಧಕರು): ಸರ್ ಹೇಳಿದ್ದಕ್ಕೆ ವಿಧಾನದ ಭಾಗ ಸೇರಿಸುತ್ತೇನೆ. ನಿಮ್ಮ ವಿಷಯದಲ್ಲಿ ಎಡವಿ ಬೀಳುವಂಥ ಮೂರು ಗುಂಡಿಗಳಿವೆ.

ಮೊದಲನೆಯದು ಹೋಲಿಕೆ. ಕಾರ್ಖಾನೆ ಮುಚ್ಚಿದ ಕೌಂಟಿಯನ್ನು ಪಕ್ಕದ ಕೌಂಟಿಯ ಜೊತೆ ಹೋಲಿಸಿ ಡಿಫರೆನ್ಸ್-ಇನ್-ಡಿಫರೆನ್ಸಸ್ (ಮುಚ್ಚುವ ಮುಂಚಿನಿಂದ ಆಮೇಲಿಗೆ ಎರಡೂ ಕಡೆ ಆದ ಬದಲಾವಣೆಗಳ ವ್ಯತ್ಯಾಸ) ಮಾಡುತ್ತೇನೆ ಎಂದು ಬರೆದರೆ ಪರಿಶೀಲಕರು ಅಲ್ಲೇ ನಿಲ್ಲುತ್ತಾರೆ. ಪಕ್ಕದವರೂ ಅದೇ ಕಾರ್ಖಾನೆಗೆ ಕೆಲಸಕ್ಕೆ ಹೋಗುತ್ತಿದ್ದವರು, ಅವರಿಗೂ ಪೆಟ್ಟು ಬಿದ್ದಿರುತ್ತದೆ. ಹೋಲಿಕೆಯ ಗುಂಪೇ ಕುಸಿದಿರುವುದರಿಂದ ನಷ್ಟ ಇರುವುದಕ್ಕಿಂತ ಕಡಿಮೆ ಕಾಣುತ್ತದೆ. ದೂರದ ಉಂಗುರಗಳಾಗಿ ವಿಂಗಡಿಸಿ, ಪರಿಣಾಮ ಸೊನ್ನೆಗೆ ಇಳಿದ ಉಂಗುರದ ಆಚೆಯಿಂದ ಹೋಲಿಕೆ ಕೌಂಟಿ ಆರಿಸಿ.

ಎರಡನೆಯದು ವೆಯ್ಟ್ ಮ್ಯಾಟ್ರಿಕ್ಸ್, ಅಂದರೆ ಯಾವ ಕೌಂಟಿ ಯಾವುದಕ್ಕೆ ಎಷ್ಟು ನೆರೆ ಎಂದು ಹೇಳುವ ಕೋಷ್ಟಕ. ನಿಮಗೆ ಗಡಿ ತಾಗುವುದಕ್ಕಿಂತ ಕೆಲಸಕ್ಕೆ ಓಡಾಡುವವರ ಹರಿವೇ ಸರಿಯಾದ ನೆರೆ. ಆದರೆ ಕಾರ್ಖಾನೆ ಮುಚ್ಚಿದ ಮೇಲಿನ ಹರಿವನ್ನು ಬಳಸಿದರೆ ಪರಿಣಾಮವನ್ನೇ ಕಾರಣದ ಒಳಗೆ ತುರುಕಿದಂತೆ. ಮುಚ್ಚುವ ಮುಂಚಿನ ವರ್ಷದ ಹರಿವನ್ನು ತೆಗೆದುಕೊಂಡು ಸ್ಥಿರವಾಗಿಡಿ. ಬೇರೆ ಎರಡು ಮ್ಯಾಟ್ರಿಕ್ಸ್‌ಗಳಲ್ಲೂ ಫಲಿತಾಂಶ ತೋರಿಸುತ್ತೇನೆ ಎಂದು ಒಂದು ಸಾಲು ಸಾಕು.

ಮೂರನೆಯದು ಗಡಿಯ ಸಮಸ್ಯೆ: ಕೌಂಟಿ ಬದಲು ಕಮ್ಯೂಟಿಂಗ್ ಜೋನ್ (ಜನ ಕೆಲಸಕ್ಕೆ ಓಡಾಡುವ ಕೌಂಟಿಗಳ ಗುಂಪು) ಇಟ್ಟರೆ ಗುಣಾಂಕ, ಅಂದರೆ ನೀವು ಅಂದಾಜಿಸಿದ ಪರಿಣಾಮದ ಗಾತ್ರ, ಬದಲಾಗಬಹುದು. ಎರಡರಲ್ಲೂ ಮಾಡಿ. ಇನ್‌ಪುಟ್-ಔಟ್‌ಪುಟ್ ಗುಣಕ (ಒಂದು ಉದ್ಯಮದ ಪೆಟ್ಟು ಅದಕ್ಕೆ ಕೊಂಡಿಯಾದ ಉದ್ಯಮಗಳಿಗೆ ಎಷ್ಟು ಹರಡುತ್ತದೆ ಎಂಬ ಲೆಕ್ಕ) ಬಳಸುವುದಾದರೆ ಅದು ಸ್ಥಿರ ಗುಣಾಂಕದ ಲೆಕ್ಕ, ಕೆಲಸ ಕಳೆದುಕೊಂಡವರು ಬೇರೆಡೆ ಸೇರಿಕೊಳ್ಳುವುದು ಅದರಲ್ಲಿ ಕಾಣದು, ದೀರ್ಘಾವಧಿ ನಷ್ಟ ಉಬ್ಬುತ್ತದೆ ಎಂದು ನೀವೇ ಮೊದಲು ಒಪ್ಪಿಕೊಂಡುಬಿಡಿ.

ಮರುಪ್ರಶ್ನೆ: ಧನ್ಯವಾದ ಸರ್, ಮೇಡಂ. ನನ್ನದು ಮೂರು ಪ್ರತ್ಯೇಕ ಲೇಖನಗಳ ಪ್ರಬಂಧ. ಮೂರನ್ನೂ ಬರೆಯಲೇ? ಒಂದೊಂದು ಕಂಪನಿಯ ಮಟ್ಟದ ಗೋಪ್ಯ ಡೇಟಾ ಬೇಕು, ಅನುಮತಿ ಇನ್ನೂ ಬಂದಿಲ್ಲ.

ಉತ್ತರ (ಬೋಧಕರು): ಮೂರಕ್ಕೂ ಸಮಪಾಲು ಕೊಟ್ಟರೆ ಮೂರೂ ತೆಳುವಾಗುತ್ತವೆ. ಹತ್ತು ಪುಟ ಸಿಕ್ಕರೆ ಆರು ಪುಟ ಒಂದೇ ಅಧ್ಯಾಯಕ್ಕೆ, ಉಳಿದೆರಡಕ್ಕೆ ಒಂದೊಂದು ಪ್ಯಾರಾ, ಅದರ ಜೊತೆಗೆ ಮೂರನ್ನೂ ಹೊಲಿಯುವ ಒಂದೇ ಪ್ರಶ್ನೆ. ಗೈಡ್ ಜೊತೆ ಸೇರಿ ಬರೆದ ಅಧ್ಯಾಯವನ್ನು ಮುಂದೆ ಇಡಬೇಡಿ.

ಗೋಪ್ಯ ಡೇಟಾಕ್ಕೆ ಅನುಮತಿ ತಿಂಗಳುಗಟ್ಟಲೆ ಎಳೆಯುತ್ತದೆ. ಫೆಲೋಶಿಪ್ ವರ್ಷ ಹನ್ನೆರಡೇ ತಿಂಗಳು, ಆ ಕಾಯುವಿಕೆ ಅದನ್ನು ತಿಂದುಹಾಕುತ್ತದೆ. ಅದಕ್ಕೆ ಸಾರ್ವಜನಿಕ ಕೌಂಟಿ ಡೇಟಾದಿಂದ ಮುಗಿಯುವ ಒಂದು ಆವೃತ್ತಿಯನ್ನು ಮುಖ್ಯವಾಗಿ ಬರೆಯಿರಿ, ಗೋಪ್ಯ ಡೇಟಾ ಬಂದರೆ ಏನು ಸೇರುತ್ತದೆ ಎಂದು ಆಮೇಲೆ.

ಶುಲ್ಕ ಮನ್ನಾದ ಪತ್ರ ಗೈಡ್ ಕೊಡುವುದಲ್ಲ. ಅದಕ್ಕೆ ಅಧಿಕಾರ ಸಾಮಾನ್ಯವಾಗಿ ಗ್ರಾಜುಯೇಟ್ ಸ್ಕೂಲ್ ಅಥವಾ ವಿಭಾಗದ ಆಡಳಿತದ್ದು, ಸಹಿ ಸುತ್ತಾಡಿ ಬರುವುದಕ್ಕೆ ಆರು ವಾರ ಇಟ್ಟುಕೊಳ್ಳಿ. ಆ ವರ್ಷ ಬೋಧನಾ ಸಹಾಯಕ ಕೆಲಸ ಬಿಡಬೇಕಾದರೆ ಅದರ ಜೊತೆ ಬರುತ್ತಿದ್ದ ಆರೋಗ್ಯ ವಿಮೆ ಯಾರು ಕಟ್ಟುತ್ತಾರೆ ಎಂದೂ ಆಗಲೇ ಕೇಳಿ, ಇದನ್ನು ಮರೆತವರೇ ಹೆಚ್ಚು.

ಗೈಡ್‌ಗೆ ಶಿಫಾರಸು ಪತ್ರಕ್ಕೆ ನಾಲ್ಕು ವಾರ ಮುಂಚೆ ಒಂದು ಪುಟದ ಸಾರಾಂಶ ಕೊಡಿ. ಅರ್ಹತಾ ಪರೀಕ್ಷೆ ಯಾವ ತಿಂಗಳು ಮುಗಿಯಿತು, ಯಾವ ಅಧ್ಯಾಯ ಎಲ್ಲಿಯವರೆಗೆ ಬಂದಿದೆ, ಯಾವ ಭಾಗ ಪೂರ್ತಿ ನಿಮ್ಮದೇ ಎಂಬ ಮೂರು ಮಾತು ಆ ಪತ್ರದಲ್ಲಿ ಇರಲೇಬೇಕು.

ಪ್ರಶ್ನಿಸಿದವರು: ವಿಮೆಯ ಸಂಗತಿ ತಲೆಗೇ ಹೊಳೆದಿರಲಿಲ್ಲ. ನಾಳೆಯೇ ವಿಭಾಗದ ಕಚೇರಿಗೆ ಬರೆಯುತ್ತೇನೆ.