ಪದ ಬೇಕು: ಕಿಡ್ನಿ ಕಾಯಿಲೆಯಲ್ಲಿ ಟಿ3 ಇಳಿಯುವುದಕ್ಕೆ

ನಮಸ್ಕಾರ. ಡಯಾಲಿಸಿಸ್ ಮಾಡಿಸಿಕೊಳ್ಳುವವರಿಗೆ ಒಂದು ಕೈಪಿಡಿ ಅನುವಾದ ಮಾಡುತ್ತಿದ್ದೇನೆ, ನಾಳೆ ಅಚ್ಚಿಗೆ ಹೋಗಬೇಕು. ಇವರ ರಕ್ತದಲ್ಲಿ ಟಿ3 ಅನ್ನೋ ಥೈರಾಯ್ಡ್ ಹಾರ್ಮೋನು ಎಷ್ಟೋ ಸಲ ಕಡಿಮೆ ಇರುತ್ತದೆ, ಥೈರಾಯ್ಡ್ ಗ್ರಂಥಿಗೆ ಕೆಲಸ ಮಾಡು ಅಂತ ಹೇಳುವ ಟಿಎಸ್‌ಎಚ್ ಹಾರ್ಮೋನು ಮಾತ್ರ ಸರಿಯಾಗೇ ಇರುತ್ತದೆ. 'ಯೂಥೈರಾಯ್ಡ್ ಸಿಕ್ ಸಿಂಡ್ರೋಮ್' ಅಂತಾರಲ್ಲ, ಅದು. 'ಥೈರಾಯ್ಡ್ ಕೊರತೆ' ಅಂದರೆ ನಡೆಯುತ್ತದಾ?

---

ಮೊದಲು 'ಥೈರಾಯ್ಡ್' ಬಿಡಿ. ಗ್ರೀಕಿನಲ್ಲಿ ಅದು ಗುರಾಣಿ. 1656ರಲ್ಲಿ ಥಾಮಸ್ ವಾರ್ಟನ್ ಇಟ್ಟ ಹೆಸರು. ಕನ್ನಡದಲ್ಲಿ 'ಗುರಾಣಿಕ' ಅನ್ನಿ. 'ಸಿಂಡ್ರೋಮ್'ಗೆ 'ಕೂಡುಗುರುತು'. 'ಗುರಾಣಿಕ ಇಳಿತದ ಕೂಡುಗುರುತು'. ಮುಗಿಯಿತು.

---

ಮುಗಿಯಲಿಲ್ಲ ಸ್ವಾಮಿ. ಗುರಾಣಿಯ ಆಕಾರ ಇರೋದು ಗಂಟಲಿನ ಮೆದುಮೂಳೆಗೆ, ಗ್ರಂಥಿ ಅದರ ಪಕ್ಕ ಇದೆ ಅಂತ ಅದೇ ಹೆಸರು ಅಂಟಿಕೊಂಡಿತು, ಅಷ್ಟೇ. ಇರಲಿ. ಕೇಳಿದವರಿಗೆ: 'ಕೊರತೆ' ಬೇಡವೇ ಬೇಡ, ಓದಿದವರು ಮಾತ್ರೆ ಕೇಳಿಕೊಂಡು ಬರುತ್ತಾರೆ. ಗ್ರಂಥಿ ಜಾಸ್ತಿ ತಯಾರಿಸೋದು ಟಿ4 ಅನ್ನೋ ಇನ್ನೊಂದು ಹಾರ್ಮೋನು, ಅದನ್ನು ಟಿ3 ಮಾಡೋದು ಬಹುಪಾಲು ಮೈಯ ಉಳಿದ ಭಾಗಗಳು, ಕಿಡ್ನಿ ಸೋತವರಲ್ಲಿ ಆ ಕೆಲಸವೇ ನಿಧಾನವಾಗುತ್ತದೆ, ಹಾಗಾಗಿ ಗ್ರಂಥಿಯದೇನೂ ತಪ್ಪಿಲ್ಲ. ಇದೊಂದಕ್ಕೇ ಸಾಮಾನ್ಯವಾಗಿ ಥೈರಾಯ್ಡ್ ಮಾತ್ರೆ ಕೊಡುವುದಿಲ್ಲ. ನಿಜವಾದ ಕೊರತೆಯಲ್ಲಿ ಟಿಎಸ್‌ಎಚ್ ಚೆನ್ನಾಗಿ ಏರುತ್ತದೆ. ಆಗ ಕಿಡ್ನಿ ಸೋಸಿ ಹೊರಹಾಕುವ ಕ್ರಿಯಾಟಿನಿನ್ ಕೂಡ ರಕ್ತದಲ್ಲಿ ಏರಬಹುದು, ಮಾತ್ರೆ ಕೊಟ್ಟರೆ ಸ್ವಲ್ಪ ಇಳಿಯುತ್ತದೆ. ಎರಡಕ್ಕೂ ಒಂದೇ ಪದ ಹಾಕಿದರೆ ಗತಿ ಏನು? ಸುಮ್ನೆ 'ಟಿ3 ಇಳಿಕೆ' ಅಂತ ಬರೆದು, ಕೆಳಗೆ 'ಥೈರಾಯ್ಡ್ ಗ್ರಂಥಿಯ ಕಾಯಿಲೆ ಅಲ್ಲ' ಅಂತ ಸೇರಿಸಿ.

---

'ಗ್ರಂಥಿ' ಸಂಸ್ಕೃತ, 'ಥೈರಾಯ್ಡ್' ಗ್ರೀಕು, 'ಕಿಡ್ನಿ' ಇಂಗ್ಲಿಷು. ಕನ್ನಡ ಅಂತ ಉಳಿದದ್ದು 'ಇಳಿಕೆ' ಒಂದೇ. ಹೀಗೇ ಎರವಲು ತಂದು ತಂದು ನಮ್ಮ ಬೇರಿನಿಂದ ಪದ ಕಟ್ಟೋದೇ ಮರೆತಿದ್ದೇವೆ.

---

ಕಟ್ಟಿ, ಬೇಡ ಅಂದವರಾರು? ಆದರೆ ಲ್ಯಾಬಿನ ರಿಪೋರ್ಟಿನಲ್ಲಿ 'ಥೈರಾಯ್ಡ್', ಕೈಪಿಡಿಯಲ್ಲಿ 'ಗುರಾಣಿಕ'. ಎರಡೂ ಒಂದೇ ಅಂತ ರೋಗಿಗೆ ಹೇಳಿಕೊಡೋರು ಯಾರು, ನೀವಾ? ಮೂತ್ರಪಿಂಡ, ಕಿಡ್ನಿ ಎರಡೂ ಜನರ ಬಾಯಲ್ಲಿವೆ, ಯಾರಿಗೂ ತೊಂದರೆ ಆಗಿಲ್ಲ.

---

ಬಾಯಲ್ಲಿದ್ದದ್ದೆಲ್ಲ ಕನ್ನಡವಲ್ಲ.

---

ಇಬ್ಬರಿಗೂ ಥ್ಯಾಂಕ್ಸ್, 'ಟಿ3 ಇಳಿಕೆ' ಹಾಕಿದೆ. ಇನ್ನೊಂದು: ನಿಜವಾಗಲೂ ಥೈರಾಯ್ಡ್ ಮಾತ್ರೆ ತಗೊಳ್ಳುವವರು ಅದಕ್ಕೂ ಕ್ಯಾಲ್ಸಿಯಂ, ಕಬ್ಬಿಣ, ಫಾಸ್ಫೇಟ್ ಬೈಂಡರ್ ಮಾತ್ರೆಗಳಿಗೂ 4 ಗಂಟೆ ಅಂತರ ಇಡಬೇಕು ಅಂತಿದೆ. ಊಟದಲ್ಲಿನ ಫಾಸ್ಫೇಟ್ ರಕ್ತಕ್ಕೆ ಸೇರದಂತೆ ಹಿಡಿದಿಡುವ ಈ 'ಫಾಸ್ಫೇಟ್ ಬೈಂಡರ್'ಗೆ ಏನಂತೀರಿ?

---

'ಫಾಸ್ಫೇಟ್ ತಡೆಯುವ ಮಾತ್ರೆ' ಸಾಕು. ಗುರಾಣಿ ಬೇಡ.