ಅಮ್ಮನಿಗೆ ದಿನಾ ಕೊಡಲು ಯಾವ ಮಲ್ಟಿವಿಟಮಿನ್ ಒಳ್ಳೆಯದು? (ಶುಗರ್, ಥೈರಾಯ್ಡ್ ಎರಡೂ ಇದೆ)

ದುರ್ಗದ ಸಹನಾ:

ಎಲ್ಲರಿಗೂ ನಮಸ್ಕಾರ. ಅಮ್ಮನಿಗೆ 61 ವರ್ಷ. ಅಪ್ಪನ ಜೊತೆ ಚಿತ್ರದುರ್ಗದಲ್ಲಿದ್ದಾರೆ, ನಾನು ಬೆಂಗಳೂರಿನಲ್ಲಿ. ನಮ್ಮದು ಸಸ್ಯಾಹಾರ, ಮೊಟ್ಟೆಯೂ ಇಲ್ಲ. ಅಮ್ಮನಿಗೆ ಶುಗರ್ ಬಂದು ಬಹಳ ವರ್ಷ ಆಯಿತು. ಮೆಟ್‌ಫಾರ್ಮಿನ್ 1000, ಬೆಳಿಗ್ಗೆ ಒಂದು, ರಾತ್ರಿ ಒಂದು. ಥೈರಾಯ್ಡ್‌ಗೆ 50ರ ಮಾತ್ರೆ. ಗ್ಯಾಸ್ ಅಂತ ಎದ್ದ ಕೂಡಲೇ ಪ್ಯಾಂಟೊಪ್ರಜೋಲ್ ಕೂಡ ನುಂಗುತ್ತಾರೆ. ಅದನ್ನು ಯಾರು ಬರೆದುಕೊಟ್ಟರು ಅಂತ ಅವರಿಗೇ ನೆನಪಿಲ್ಲ.

ಈಗೀಗ ಸುಸ್ತು ಜಾಸ್ತಿ. ಪಾದ ಜುಮ್ಮೆನ್ನುತ್ತದೆ ಅನ್ನುತ್ತಾರೆ. ಪಕ್ಕದ ಮನೆ ಆಂಟಿ ಒಂದು ಡಬ್ಬಿ ತಂದುಕೊಟ್ಟಿದ್ದಾರೆ, ಅವರೇ ಅದರ ಡಿಸ್ಟ್ರಿಬ್ಯೂಟರ್. 60 ಮಾತ್ರೆಗೆ 1850 ರೂಪಾಯಿ, ದಿನಕ್ಕೆ ಎರಡು. "38 ಪೋಷಕಾಂಶ" ಅಂತ ದೊಡ್ಡದಾಗಿ ಬರೆದಿದೆ. ಅಮ್ಮ ಆಗಲೇ ಶುರು ಮಾಡಿಬಿಟ್ಟಿದ್ದಾರೆ. ಲೇಬಲ್ ಫೋಟೋ ತರಿಸಿಕೊಂಡು ನೋಡಿದೆ. ಎರಡು ಮಾತ್ರೆಗೆ ಇಷ್ಟು: ವಿಟಮಿನ್ ಎ 5000 ಐಯು, ಬಿ6 50 ಮಿ.ಗ್ರಾಂ, ಬಿ12 1 ಮೈಕ್ರೋಗ್ರಾಂ, ಬಯೋಟಿನ್ 5000 ಮೈಕ್ರೋಗ್ರಾಂ, ಡಿ 400 ಐಯು, ಕಬ್ಬಿಣ 28 ಮಿ.ಗ್ರಾಂ, ಕ್ಯಾಲ್ಸಿಯಂ 40 ಮಿ.ಗ್ರಾಂ. ಕೊನೆಯಲ್ಲಿ "ಗಿಡಮೂಲಿಕೆ ಮಿಶ್ರಣ 350 ಮಿ.ಗ್ರಾಂ". ಅದರಲ್ಲಿ ಯಾವುದು ಎಷ್ಟು ಅಂತ ಇಲ್ಲ.

ಇದು ಚೆನ್ನಾಗಿದೆಯಾ? ಇಲ್ಲದಿದ್ದರೆ ಎಲ್ಲ ಸಮವಾಗಿ ಇರುವ, ಒಳ್ಳೆ ಗುಣಮಟ್ಟದ್ದು ಯಾವುದು? ದುಡ್ಡು ಸ್ವಲ್ಪ ಜಾಸ್ತಿಯಾದರೂ ಪರವಾಗಿಲ್ಲ.

ಮುದ್ದೆಪ್ರಿಯ:

ಸುಮ್ನೆ ದುಡ್ಡು ದಂಡ ಮೇಡಂ. ರಾಗಿ ಮುದ್ದೆ, ನುಗ್ಗೆಸೊಪ್ಪು, ಹುರುಳಿ ಸಾರು ಕೊಡಿ. ನಮ್ಮ ಅಜ್ಜಿ ಯಾವ ಡಬ್ಬಿಯ ಮುಖವನ್ನೂ ನೋಡಿದವರಲ್ಲ. ಕೊನೆಯವರೆಗೂ ಹಟ್ಟಿ ಗುಡಿಸಿದರು.

ಭದ್ರಾವತಿ ಕೌಂಟರ್:

ಸಹನಾ ಅವರೇ, ಭದ್ರಾವತಿಯಲ್ಲಿ ನನ್ನದೊಂದು ಮೆಡಿಕಲ್ ಶಾಪ್ ಇದೆ. ನಾನು ಫಾರ್ಮಸಿಸ್ಟ್, ಡಾಕ್ಟರ್ ಅಲ್ಲ. "ಒಂದು ಒಳ್ಳೆ ವಿಟಮಿನ್ ಮಾತ್ರೆ ಕೊಡಿ" ಅಂತ ಯಾರೇ ಬರಲಿ, ನಾನು ಮೊದಲು ಕೇಳುವುದು, ಈಗ ಯಾವ ಯಾವ ಮಾತ್ರೆ ನಡೀತಾ ಇದೆ ಅಂತ. ನಿಮ್ಮ ಪ್ರಶ್ನೆಯಲ್ಲೂ ಮುಖ್ಯವಾದದ್ದು ಡಬ್ಬಿಯ ವಿಷಯ ಅಲ್ಲ, ಅಮ್ಮನ ಮಾತ್ರೆಗಳ ವಿಷಯ.

ಮೆಟ್‌ಫಾರ್ಮಿನ್ ಅನ್ನು ವರ್ಷಗಟ್ಟಲೆ ತೆಗೆದುಕೊಂಡರೆ ದೇಹ ಬಿ12 ಹೀರಿಕೊಳ್ಳುವುದು ಕಡಿಮೆಯಾಗುತ್ತದೆ. ಇದು ಚೆನ್ನಾಗಿ ಗೊತ್ತಿರುವ ವಿಷಯ. ಗ್ಯಾಸಿನ ಮಾತ್ರೆ ಹೊಟ್ಟೆಯ ಆಮ್ಲ ತಗ್ಗಿಸುತ್ತದೆ, ಊಟದಲ್ಲಿರುವ ಬಿ12 ಬಿಡಿಸಿಕೊಳ್ಳಲು ಆ ಆಮ್ಲವೇ ಬೇಕು. ಅದರ ಮೇಲೆ ಸಸ್ಯಾಹಾರ, ಅದರ ಮೇಲೆ ವಯಸ್ಸು. ಬಿ12 ಕಡಿಮೆಯಾಗಲು ಇರುವ ದಾರಿಯೆಲ್ಲ ಅಮ್ಮನ ಕಡೆಗೇ ಬಂದಿದೆ. ಪಾದ ಜುಮ್ಮೆನ್ನುವುದು ಶುಗರ್‌ನಿಂದಲೂ ಆಗುತ್ತದೆ, ಬಿ12 ಕೊರತೆಯಿಂದಲೂ ಆಗುತ್ತದೆ. ಹೊರಗಿಂದ ನೋಡಿದರೆ ಎರಡೂ ಒಂದೇ ತರ. "ಶುಗರ್ ಅಲ್ವಾ, ಹಾಗೇ ಇರುತ್ತೆ" ಅಂತ ಬಿಟ್ಟುಬಿಡುವವರೇ ಜಾಸ್ತಿ. ಹಾಗಾಗಿ ಮೊದಲು ರಕ್ತದಲ್ಲಿ ಬಿ12, ವಿಟಮಿನ್ ಡಿ, ಹಿಮೋಗ್ಲೋಬಿನ್ ನೋಡಿಸಿ. ಮಾತ್ರೆ ಆಮೇಲೆ. ಬಿ12 ಮಾತ್ರೆ ಶುರು ಮಾಡಿದ ಮೇಲೆ ಟೆಸ್ಟ್ ಮಾಡಿಸಿದರೆ ಅಂಕಿ ಮೇಲೆ ಬಂದಿರುತ್ತದೆ, ಎಷ್ಟು ಕೊರತೆ ಇತ್ತು ಅಂತ ತಿಳಿಯುವುದಿಲ್ಲ.

ಈಗ ಆ ಡಬ್ಬಿ. 38 ಪೋಷಕಾಂಶ ಇದೆ, ಅಮ್ಮನಿಗೆ ಬೇಕಾದ ಬಿ12 ಒಂದೇ ಬೇಕಾದಷ್ಟು ಇಲ್ಲ. ನಮ್ಮ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ 2020ರ ಪಟ್ಟಿಯಲ್ಲಿ ದೊಡ್ಡವರಿಗೆ ದಿನಕ್ಕೆ ಬೇಕಾದ ಬಿ12 2 ಮೈಕ್ರೋಗ್ರಾಂಗಿಂತ ಸ್ವಲ್ಪ ಜಾಸ್ತಿ. ಅದು ಆರೋಗ್ಯವಂತರ ಲೆಕ್ಕ. ಇಲ್ಲಿ ಇರುವುದು 1. ಹೀರುವಿಕೆಯೇ ಕೆಟ್ಟಿರುವವರಿಗೆ ಇದು ಲೆಕ್ಕಕ್ಕೇ ಬರುವುದಿಲ್ಲ. ಅಂಥವರಿಗೆ ಡಾಕ್ಟರ್‌ಗಳು 500, 1000, 1500 ಮೈಕ್ರೋಗ್ರಾಂ ಬರೆಯುತ್ತಾರೆ. ದೊಡ್ಡ ಡೋಸ್‌ನಲ್ಲಿ ಸುಮಾರು ನೂರಕ್ಕೆ ಒಂದು ಪಾಲು ತಾನಾಗಿಯೇ ಒಳಗೆ ಸೇರುತ್ತದೆ, ಅಷ್ಟು ಸಾಕಾಗುತ್ತದೆ.

ನನಗೆ ನಿಜಕ್ಕೂ ಸಿಟ್ಟು ಬಂದಿದ್ದು ಬಿ6 ನೋಡಿ. 50 ಮಿ.ಗ್ರಾಂ! ದಿನಕ್ಕೆ ಬೇಕಾಗುವುದು 2 ಮಿ.ಗ್ರಾಂ ಆಸುಪಾಸು. ಬಿ6 ಬಹಳ ದಿನ ಜಾಸ್ತಿ ತೆಗೆದುಕೊಂಡರೆ ನರಗಳಿಗೇ ತೊಂದರೆ, ಕೈಕಾಲು ಜುಮ್ಮೆನ್ನಲು ಶುರುವಾಗುತ್ತದೆ. ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2023ರಲ್ಲಿ ಇದರ ಮೇಲ್ಮಿತಿಯನ್ನು 25ರಿಂದ 12 ಮಿ.ಗ್ರಾಂಗೆ ಇಳಿಸಿತು. ಅಮೆರಿಕದಲ್ಲಿ ಇನ್ನೂ 100 ಇದೆ, ಅದು ಬೇರೆ ಮಾತು. ಕಾಲು ಜುಮ್ಮೆನ್ನುವವರಿಗೆ ಇದನ್ನು ತಿಂಗಳುಗಟ್ಟಲೆ ಕೊಟ್ಟರೆ, ಕಾಯಿಲೆ ಯಾವುದು, ಔಷಧಿಯ ತೊಂದರೆ ಯಾವುದು ಅಂತ ಬಿಡಿಸುವುದು ಹೇಗೆ? ಮನೆಯಲ್ಲಿ "ನರದ ಮಾತ್ರೆ" ಅಂತ ಬೇರೆ ಸ್ಟ್ರಿಪ್ ಇದ್ದರೆ ಅದರ ಹಿಂಬದಿಯನ್ನೂ ಓದಿ. ಪಿರಿಡಾಕ್ಸಿನ್ ಅಂದರೆ ಬಿ6. ಎರಡೂ ಸೇರಿದರೆ ಲೆಕ್ಕ ಇನ್ನೂ ಏರುತ್ತದೆ.

ಬಯೋಟಿನ್ 5000 ಕೂದಲಿನ ಆಸೆಗೆ ಹಾಕಿರುವುದು. ದಿನಕ್ಕೆ 30, 40 ಮೈಕ್ರೋಗ್ರಾಂ ಸಾಕು. ಇಷ್ಟು ಬಯೋಟಿನ್ ರಕ್ತದಲ್ಲಿದ್ದರೆ ಕೆಲವು ಲ್ಯಾಬ್‌ಗಳ ಥೈರಾಯ್ಡ್ ಟೆಸ್ಟ್ ತಪ್ಪು ಅಂಕಿ ತೋರಿಸುತ್ತದೆ. ಥೈರಾಯ್ಡ್ ಮಾತ್ರೆ ಜಾಸ್ತಿಯಾದವರ ಹಾಗೆ ಟಿಎಸ್‌ಎಚ್ ಕಡಿಮೆ, ಟಿ4 ಜಾಸ್ತಿ ಅಂತ ಬರಬಹುದು. ಅದನ್ನು ನೋಡಿ ಡಾಕ್ಟರ್ ಮಾತ್ರೆ ಇಳಿಸಿದರೆ ಅಮ್ಮನ ಸುಸ್ತು ಇನ್ನೂ ಹೆಚ್ಚುತ್ತದೆ. ಹೃದಯಾಘಾತ ನೋಡುವ ಟ್ರೊಪೋನಿನ್ ಟೆಸ್ಟ್ ಕೂಡ ಹೀಗೆ ಕೆಡಬಹುದು ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲಿ ಎಚ್ಚರಿಸಿತ್ತು, 2019ರಲ್ಲಿ ಮತ್ತೆ ಹೇಳಿತು. ಟೆಸ್ಟ್‌ಗೆ ಕನಿಷ್ಠ ಎರಡು ದಿನ ಮೊದಲು ನಿಲ್ಲಿಸಬೇಕು. ನಿಮ್ಮ ಅಮ್ಮನ ವಿಷಯದಲ್ಲಿ ಇವತ್ತೇ ನಿಲ್ಲಿಸಿ, ಡಾಕ್ಟರ್‌ಗೆ ಡಬ್ಬಿ ತೋರಿಸಿ.

ಕಬ್ಬಿಣ 28 ಅನ್ನುವುದು ಮುಟ್ಟಾಗುವ ವಯಸ್ಸಿನ ಹೆಣ್ಣುಮಕ್ಕಳ ಲೆಕ್ಕ. ಐಸಿಎಂಆರ್ ಅವರಿಗೆ 29, ಗಂಡಸರಿಗೆ 19 ಅನ್ನುತ್ತದೆ. ಮುಟ್ಟು ನಿಂತ ಮೇಲೆ, ರಕ್ತ ಕಡಿಮೆ ಅಂತ ಟೆಸ್ಟ್‌ನಲ್ಲಿ ಬರದೆ ಮಾತ್ರೆಯಲ್ಲಿ ಕಬ್ಬಿಣ ಬೇಡ. ಸುಮ್ನೆ ಮಲಬದ್ಧತೆ. ಕ್ಯಾಲ್ಸಿಯಂ 40 ಹಾಕಿರುವುದು ಪಟ್ಟಿ ಉದ್ದ ಮಾಡಲು. 500 ಮಿ.ಗ್ರಾಂ ಕ್ಯಾಲ್ಸಿಯಂ ಬೇಕಾದರೆ 1250 ಮಿ.ಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟ್ ಹಿಡಿಯುತ್ತದೆ, ಅಷ್ಟಕ್ಕೇ ಒಂದು ದೊಡ್ಡ ಮಾತ್ರೆ ಬೇಕು. ಎಲ್ಲವನ್ನೂ ಪೂರ್ತಿ ಕೊಡುವ ಒಂದೇ ಮಾತ್ರೆ ಅಂತ ಇರಲು ಸಾಧ್ಯವಿಲ್ಲ. ಇದ್ದರೆ ಅದನ್ನು ನುಂಗಲು ಆಗುವುದಿಲ್ಲ.

ಕ್ಯಾಲ್ಸಿಯಂ ವಿಷಯದಲ್ಲಿ ಮುದ್ದೆಪ್ರಿಯ ಅವರ ಮಾತು ಸರಿ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿ.ಗ್ರಾಂ ಇದೆ, ಅಕ್ಕಿ ಗೋಧಿ ಅದರ ಹತ್ತಿರಕ್ಕೂ ಬರುವುದಿಲ್ಲ. ಆದರೆ ಅಣ್ಣ, ರಾಗಿಯಲ್ಲಿ ಬಿ12 ಇಲ್ಲ, ಸೊಪ್ಪಿನಲ್ಲೂ ಇಲ್ಲ. ಸಸ್ಯಾಹಾರಿಗಳಿಗೆ ಸಿಗುವುದು ಹಾಲು, ಮೊಸರಿನಿಂದ ಮಾತ್ರ. ನಿಮ್ಮ ಅಜ್ಜಿ ಮೆಟ್‌ಫಾರ್ಮಿನ್ ತೆಗೆದುಕೊಂಡವರಲ್ಲ.

ಯಾವುದು ತರಬೇಕು? ಹೆಸರು ಹೇಳುವುದಿಲ್ಲ, ನಾನು ಮಾರುವವನು. ಹತ್ತು ಬಾಕ್ಸ್ ಎತ್ತಿದರೆ ಎರಡು ಫ್ರೀ ಅನ್ನುವ ಸ್ಕೀಮ್ ಇರುವ ಕಂಪನಿಯದ್ದೇ ಕೌಂಟರ್ ಮೇಲೆ ಮುಂದೆ ಕೂತಿರುತ್ತದೆ, ಅಷ್ಟು ತಿಳಿದುಕೊಳ್ಳಿ. ಲೇಬಲ್‌ನಲ್ಲಿ ಶೇಕಡಾ ಆರ್‌ಡಿಎ, ಅಂದರೆ ದಿನಕ್ಕೆ ಬೇಕಾದದ್ದರಲ್ಲಿ ನೂರಕ್ಕೆ ಎಷ್ಟು ಪಾಲು, ಅನ್ನುವ ಸಾಲು ನೋಡಿ. ಹೆಚ್ಚಿನವು 50ರಿಂದ 100ರ ಒಳಗೆ ಇದ್ದರೆ ಅದೇ ಸಮತೋಲನ. ಒಂದು ಶೇ 2500, ಇನ್ನೊಂದು ಶೇ 4 ಅಂತಿದ್ದರೆ ಕೆಳಗಿಡಿ. ಮಿಶ್ರಣ ಅಂತ ಒಟ್ಟು ತೂಕ ಹೇಳಿ ಒಳಗಿನದ್ದು ಹೇಳದಿದ್ದರೂ ಕೆಳಗಿಡಿ. ಅಂಕಿ ಎಷ್ಟು ಮಾತ್ರೆಗೆ ಅನ್ನುವುದನ್ನೂ ನೋಡಿ, ನೀವು ನೋಡಿದ್ದೀರಿ, ಬಹಳ ಜನ ನೋಡುವುದಿಲ್ಲ. ಹಿಂಬದಿಯಲ್ಲಿ 14 ಅಂಕಿಯ ಎಫ್‌ಎಸ್‌ಎಸ್‌ಎಐ ನಂಬರ್ ಇದ್ದರೆ ಅದು ಕಾನೂನಿನ ಲೆಕ್ಕದಲ್ಲಿ ಆಹಾರ. ಡ್ರಗ್ ಲೈಸೆನ್ಸ್ ನಂಬರ್ ಇದ್ದರೆ ಔಷಧಿ. ಎರಡೂ ಇಲ್ಲದಿದ್ದರೆ ಮುಟ್ಟಬೇಡಿ. "ಬಿಕಾಸೂಲ್ಸ್ ಕೊಡಿ, ಅದರಲ್ಲಿ ಎಲ್ಲಾ ಇದೆ" ಅನ್ನುವವರಿಗೂ ಒಂದು ಮಾತು: ಅದು ಬಿ ಗುಂಪು ಮತ್ತು ಸಿ. ಡಿ, ಕಬ್ಬಿಣ ಅದರಲ್ಲಿಲ್ಲ.

ಬೆಲೆಗೂ ಗುಣಕ್ಕೂ ಇಲ್ಲಿ ಸಂಬಂಧ ಕಡಿಮೆ. ಜನೌಷಧಿ ಕೇಂದ್ರದಲ್ಲೂ ಮಲ್ಟಿವಿಟಮಿನ್ ಸಿಗುತ್ತದೆ, ಲೇಬಲ್ ಓದಿ ಅದನ್ನೇ ತರಬಹುದು.

ಥೈರಾಯ್ಡ್ ಮಾತ್ರೆ ಖಾಲಿ ಹೊಟ್ಟೆಗೆ. ಕ್ಯಾಲ್ಸಿಯಂ, ಕಬ್ಬಿಣ ಇರುವ ಯಾವುದೇ ಆಗಲಿ, ಅದಾಗಿ 4 ಗಂಟೆ ಬಿಟ್ಟು. ಮಧ್ಯಾಹ್ನ ಊಟದ ಮೇಲೆ ಸರಿಯಾಗುತ್ತದೆ. ಡಿ, ಎ ತರದವು ಎಣ್ಣೆ ತುಪ್ಪದ ಊಟದ ಜೊತೆ ಚೆನ್ನಾಗಿ ಸೇರುತ್ತವೆ.

ನ್ಯೂಜೆರ್ಸಿ ಮಲೆನಾಡಿಗ:

ಸಹನಾ ಅವರಿಗೆ ಇನ್ನು ಯಾರಾದರೂ "ಅಮೆರಿಕದಿಂದ ತರಿಸಿ" ಅಂತ ಹೇಳುವ ಮೊದಲೇ ಬರೆಯುತ್ತೇನೆ. ಊರಿಗೆ ಹೊರಟರೆ ಸೂಟ್‌ಕೇಸ್‌ನಲ್ಲಿ ಅರ್ಧ ಇದೇ ತುಂಬಿರುತ್ತದೆ. ಇಲ್ಲಿ 1994ರ ಕಾನೂನಿನ ಪ್ರಕಾರ ಸಪ್ಲಿಮೆಂಟ್ ಮಾರಾಟಕ್ಕೆ ಎಫ್‌ಡಿಎ ಮುಂಚಿತ ಒಪ್ಪಿಗೆ ಬೇಕಿಲ್ಲ. ಅಂದರೆ ಅಮೆರಿಕದ್ದು ಅಂದ ಮಾತ್ರಕ್ಕೆ ಪರೀಕ್ಷೆ ಆಗಿದೆ ಅಂತಲ್ಲ. ಕೆಲವು ಕಂಪನಿಗಳು ತಾವಾಗಿಯೇ ಯುಎಸ್‌ಪಿ ಅಥವಾ ಎನ್‌ಎಸ್‌ಎಫ್ ಅನ್ನುವ ಸ್ವತಂತ್ರ ಸಂಸ್ಥೆಗಳಿಂದ ಪರೀಕ್ಷೆ ಮಾಡಿಸಿ ಮುದ್ರೆ ಹಾಕಿಸುತ್ತವೆ. ಬರೆದಷ್ಟು ಒಳಗಿದೆಯಾ, ಮಾತ್ರೆ ಸರಿಯಾಗಿ ಕರಗುತ್ತದೆಯಾ ಅಂತ ನೋಡಿರುತ್ತಾರೆ. ಆ ಮುದ್ರೆ ಇರುವುದನ್ನು ಮಾತ್ರ ನಾನು ತರುತ್ತೇನೆ. ಗಮ್ಮಿ ತರುವುದಿಲ್ಲ. ಸಕ್ಕರೆ ಇರುತ್ತದೆ, ಶುಗರ್ ಇರುವವರು ಚಾಕೊಲೇಟ್ ತರ ತಿನ್ನುತ್ತಾರೆ.

ಇನ್ನೊಂದು. ಇಲ್ಲಿ 3,90,124 ಜನರನ್ನು 20 ವರ್ಷಕ್ಕೂ ಹೆಚ್ಚು ಕಾಲ ಗಮನಿಸಿ 2024ರಲ್ಲಿ ಒಂದು ಅಧ್ಯಯನ ಬಂತು. ಆರೋಗ್ಯವಾಗಿರುವವರು ದಿನಾ ಮಲ್ಟಿವಿಟಮಿನ್ ತೆಗೆದುಕೊಂಡರೆ ಹೆಚ್ಚು ಕಾಲ ಬದುಕುತ್ತಾರೆ ಅನ್ನುವುದು ಅದರಲ್ಲಿ ಕಾಣಲಿಲ್ಲ. ಕೊರತೆ ಇದ್ದವರ ಮಾತು ಬೇರೆ.

ವೀಣಾ ಶಿರಸಿ:

ಸಸ್ಯಾಹಾರ ಅಂದಿರಲ್ಲ, ಮೃದು ಕ್ಯಾಪ್ಸೂಲ್‌ಗಳ ಹೊರಗವಚ ಹೆಚ್ಚಾಗಿ ಜೆಲಾಟಿನ್, ಅದು ಪ್ರಾಣಿಗಳದ್ದು. ನನ್ನ ಅತ್ತೆಗೆ ಇದು ತಿಳಿದ ದಿನ ಮನೆಯಲ್ಲಿ ದೊಡ್ಡ ಗಲಾಟೆ. ಭದ್ರಾವತಿಯ ಸರ್, ಹಸಿರು ಚುಕ್ಕೆ ನೋಡಿದರೆ ಸಾಕಾ?

ಭದ್ರಾವತಿ ಕೌಂಟರ್:

ಆಹಾರದ ಲೈಸೆನ್ಸ್‌ನಲ್ಲಿ ಬರುವವಕ್ಕೆ ಹಸಿರು ಚುಕ್ಕೆ ಅಥವಾ ಕಂದು ತ್ರಿಕೋನ ಇರಲೇಬೇಕು, ಅದನ್ನು ನಂಬಬಹುದು. ಔಷಧಿ ಅಂತ ಬರುವವಕ್ಕೆ ಆ ನಿಯಮ ಇಲ್ಲ, ಹಾಗಾಗಿ ಚುಕ್ಕೆ ಇಲ್ಲ ಅಂದರೆ ಏನೂ ತಿಳಿಯುವುದಿಲ್ಲ. ಕ್ಯಾಪ್ಸೂಲ್ ಬದಲು ಮಾತ್ರೆ ಕೇಳಿ. ವಿಟಮಿನ್ ಡಿ3 ಸಾಮಾನ್ಯವಾಗಿ ಕುರಿಯ ಉಣ್ಣೆಯ ಜಿಡ್ಡಿನಿಂದ ತೆಗೆದದ್ದು. ಕುರಿ ಬದುಕಿಯೇ ಇರುತ್ತದೆ, ಹಾಲಿನ ಹಾಗೆ ಅಂತ ಕೆಲವರು ಒಪ್ಪುತ್ತಾರೆ, ಕೆಲವರು ಒಪ್ಪುವುದಿಲ್ಲ. ಅತ್ತೆಯವರಿಗೆ ಹೇಳಬೇಕೋ ಬೇಡವೋ ನಿಮಗೆ ಬಿಟ್ಟಿದ್ದು.

ದುರ್ಗದ ಸಹನಾ:

ಎಲ್ಲರಿಗೂ ಥ್ಯಾಂಕ್ಸ್. ಡಬ್ಬಿ ನಿಲ್ಲಿಸಿ, ಒಂದು ವಾರ ಬಿಟ್ಟು ಟೆಸ್ಟ್ ಮಾಡಿಸಿದೆವು. ಬಿ12 156, ಲ್ಯಾಬ್‌ನ ಕೆಳಮಿತಿಗಿಂತ ಕಡಿಮೆ. ಡಿ 17. ಹಿಮೋಗ್ಲೋಬಿನ್ 12.1, ಟಿಎಸ್‌ಎಚ್ ಸರಿ ಇದೆ. ಡಾಕ್ಟರ್ ಬಿ12 ಇಂಜೆಕ್ಷನ್ ಶುರು ಮಾಡಿದ್ದಾರೆ, ಆಮೇಲೆ ಮಾತ್ರೆ ಅಂದರು. ಡಿ 60,000 ಐಯು ವಾರಕ್ಕೊಂದು, 8 ವಾರ. ಗ್ಯಾಸಿನ ಮಾತ್ರೆ ನಿಜಕ್ಕೂ ಬೇಕಾ ಅಂತ ಅವರೇ ಕೇಳಿದರು, ನಿಧಾನವಾಗಿ ಬಿಡಿಸೋಣ ಅಂದರು. ಮಲ್ಟಿವಿಟಮಿನ್ ಸದ್ಯಕ್ಕೆ ಬೇಡವಂತೆ.

ಇನ್ನೊಂದು ತಲೆನೋವು. 1850 ರೂಪಾಯಿ ದಂಡ ಆಗಬಾರದು ಅಂತ ಉಳಿದ ಮಾತ್ರೆಗಳನ್ನು ಅಪ್ಪ ನುಂಗುತ್ತಿದ್ದಾರೆ. ಅವರಿಗೆ ಶುಗರ್, ಬಿಪಿ ಏನೂ ಇಲ್ಲ. ಬೀಡಿ ಸೇದುತ್ತಾರೆ. ತೊಂದರೆ ಇಲ್ಲ ಅಲ್ವಾ?

ಭದ್ರಾವತಿ ಕೌಂಟರ್:

ತೊಂದರೆ ಇದೆ, ನಿಲ್ಲಿಸಿ. ಲೇಬಲ್‌ನಲ್ಲಿ ವಿಟಮಿನ್ ಎ ಎದುರು ಬೀಟಾ ಕ್ಯಾರೊಟಿನ್ ಅಂತ ಬರೆದಿದೆಯಾ ನೋಡಿ. ಫಿನ್ಲೆಂಡಿನಲ್ಲಿ 29,133 ಧೂಮಪಾನಿ ಗಂಡಸರ ಮೇಲೆ ಪ್ರಯೋಗ ಮಾಡಿದ್ದರು, 1994ರಲ್ಲಿ ಫಲಿತಾಂಶ ಬಂತು. ಶ್ವಾಸಕೋಶದ ಕ್ಯಾನ್ಸರ್ ಕಡಿಮೆಯಾಗಲಿ ಅಂತ ದಿನಾ 20 ಮಿ.ಗ್ರಾಂ ಬೀಟಾ ಕ್ಯಾರೊಟಿನ್ ಕೊಟ್ಟರು, ಕ್ಯಾನ್ಸರ್ ಶೇ 18 ಜಾಸ್ತಿಯಾಯಿತು. ಅಮೆರಿಕದ ಇನ್ನೊಂದು ಪ್ರಯೋಗವನ್ನು ಇದೇ ಕಾರಣಕ್ಕೆ 1996ರಲ್ಲಿ ಮಧ್ಯದಲ್ಲೇ ನಿಲ್ಲಿಸಿದರು. ಡಬ್ಬಿಯಲ್ಲಿ ಇರುವುದು ಅದಕ್ಕಿಂತ ತುಂಬಾ ಕಡಿಮೆ. ಆದರೂ ಬೀಡಿ ಸೇದುವವರಿಗೆ ಏನೂ ಲಾಭ ಇಲ್ಲದ್ದನ್ನು ಯಾಕೆ ಕೊಡಬೇಕು? ಮಾವಿನ ಹಣ್ಣು, ಗಜ್ಜರಿಯಲ್ಲಿ ಇರುವ ಬೀಟಾ ಕ್ಯಾರೊಟಿನ್‌ಗೆ ಈ ಭಯ ಇಲ್ಲ, ಧಾರಾಳವಾಗಿ ತಿನ್ನಲಿ. ಬೀಡಿ ವಿಷಯ ನಾನು ಹೇಳುವುದಿಲ್ಲ, ನೀವು ಹೇಳಿ ಸೋತಿರುತ್ತೀರಿ.

ಅಮ್ಮನ 60,000ದ ಬಗ್ಗೆ ಮಾತ್ರ ಹುಷಾರು. ವಾರಕ್ಕೊಂದು ಅನ್ನುವುದನ್ನು ದಿನಕ್ಕೊಂದು ಅಂತ ನುಂಗಿದವರನ್ನು ನೋಡಿದ್ದೇನೆ. ರಕ್ತದಲ್ಲಿ ಕ್ಯಾಲ್ಸಿಯಂ ಏರಿ, ವಾಂತಿ, ಗೊಂದಲ, ಕಿಡ್ನಿಗೆ ಪೆಟ್ಟು ಎಲ್ಲ ಆಗುತ್ತದೆ. ವಾರದಲ್ಲಿ ಒಂದು ದಿನ ಗೊತ್ತು ಮಾಡಿಕೊಳ್ಳಿ, ಭಾನುವಾರ ಅಂದರೆ ಭಾನುವಾರವೇ. ಸ್ಟ್ರಿಪ್ ಮೇಲೆ ಪೆನ್ನಿನಲ್ಲಿ ತಾರೀಖು ಬರೆದಿಡಲು ಅಪ್ಪನಿಗೆ ಹೇಳಿ. ಎಂಟು ಮುಗಿದ ಮೇಲೆ ಅಂಗಡಿಗೆ ಹೋಗಿ ಇನ್ನೊಂದು ಸ್ಟ್ರಿಪ್ ಕೇಳಬಾರದು, ಅಂಗಡಿಯವರು ಕೊಟ್ಟೇ ಕೊಡುತ್ತಾರೆ. ಡಾಕ್ಟರ್ ಮತ್ತೆ ಟೆಸ್ಟ್ ನೋಡಿ ಮುಂದಿನದ್ದು ಹೇಳಲಿ.