'ಲೆಡ್ ಜೆಪ್ಪೆಲಿನ್ 3'ರ ಅಕೌಸ್ಟಿಕ್ ಹಾಡುಗಳ ಟ್ಯೂನಿಂಗ್: ಆರನೇ ತಂತಿ ಸಿ-ಗೆ ಇಳಿಸಿದರೆ ಗರಗರ

ಡೊಂಬಿವ್ಲಿ_ಆರುತಂತಿ:

ನಮಸ್ಕಾರ. ಲೆಡ್ ಜೆಪ್ಪೆಲಿನ್ ರಾಕ್ ತಂಡದ 1970ರ ಈ ಆಲ್ಬಮ್‌ನ ಗಿಟಾರ್ ಭಾಗಗಳನ್ನು ಟ್ಯಾಬ್ (ಬೆರಳಿಡುವ ಜಾಗ ಬರೆದ ಹಾಳೆ) ನೋಡದೆ ಕಿವಿಯಿಂದಲೇ ಬಿಡಿಸಿಕೊಳ್ಳುತ್ತಿದ್ದೇನೆ. 'ಇಮಿಗ್ರಂಟ್ ಸಾಂಗ್' ಸ್ಟ್ಯಾಂಡರ್ಡ್ ಟ್ಯೂನಿಂಗ್‌ನಲ್ಲೇ (ದಪ್ಪ ತಂತಿಯಿಂದ ಇ, ಎ, ಡಿ, ಜಿ, ಬಿ, ಇ) ಕೂತಿತು. ತೊಡಕಿರುವುದು ಅಕೌಸ್ಟಿಕ್ ಹಾಡುಗಳಲ್ಲಿ.

'ಫ್ರೆಂಡ್ಸ್' ಹಾಡಿಗೆ ಒಬ್ಬರು ಓಪನ್ ಸಿ ಅನ್ನುತ್ತಾರೆ, ಇನ್ನೊಬ್ಬರು ಸಿ ಸಿಕ್ಸ್ತ್ ಅನ್ನುತ್ತಾರೆ. ಯಾವುದು ಸರಿ, ಅದಕ್ಕಿಂತ ಮುಖ್ಯವಾಗಿ ಅದನ್ನು ಕಿವಿಯಿಂದ ತೀರ್ಮಾನಿಸುವುದು ಹೇಗೆ? 'ದಟ್ಸ್ ದ ವೇ'ಗೆ ಓಪನ್ ಜಿ ಮಾಡಿದರೆ ಬೆರಳುಗಳೆಲ್ಲ ಸರಿಯಾದ ಜಾಗಕ್ಕೇ ಹೋಗುತ್ತವೆ, ರೆಕಾರ್ಡಿಂಗ್ ಜೊತೆ ಮಾತ್ರ ಸೇರುವುದಿಲ್ಲ. 'ಟ್ಯಾಂಜರೀನ್'ಗೂ ಬೇರೆ ಟ್ಯೂನಿಂಗ್ ಬೇಕೇ?

ಕೊನೆಯದಾಗಿ, ಅತಿ ದಪ್ಪದ ಆರನೇ ತಂತಿಯನ್ನು ಸಿ-ಗೆ ಇಳಿಸಿದ ಕೂಡಲೇ ಮೊದಲ ನಾಲ್ಕೈದು ಫ್ರೆಟ್‌ಗಳಲ್ಲಿ (ನೆಕ್ ಮೇಲಿನ ಲೋಹದ ಅಡ್ಡಪಟ್ಟಿಗಳಲ್ಲಿ) ಗರಗರ ಸದ್ದು. ಇರುವುದು ಒಂದೇ ಗಿಟಾರ್: ಡ್ರೆಡ್‌ನಾಟ್ (ದೊಡ್ಡ ಮೈಯ ಅಕೌಸ್ಟಿಕ್), 25.5 ಇಂಚಿನ ಸ್ಕೇಲ್ (ಕಂಪಿಸುವ ತಂತಿಯ ಉದ್ದ), 12-53 ಫಾಸ್ಫರ್ ಬ್ರಾಂಜ್ ತಂತಿ (ಅತಿ ಸಣ್ಣದರ ದಪ್ಪ ಇಂಚಿನ ಸಾವಿರದ 12 ಭಾಗ, ಅತಿ ದಪ್ಪದ್ದು 53).

ಕೋಥ್ರೂಡ್_ಕಟ್ಟಿ:

ಸಿ ಸಿಕ್ಸ್ತ್ ಖರೇರಿ. ದಪ್ಪ ತಂತಿಯಿಂದ ಸಣ್ಣದಕ್ಕ: ಸಿ, ಎ, ಸಿ, ಜಿ, ಸಿ, ಇ. ಓಪನ್ ಸಿ ಅಂದ್ರ ಸಿ, ಜಿ, ಸಿ, ಜಿ, ಸಿ, ಇ. ಎರಡಕ್ಕೂ ಇರೂ ಫರಕು ಐದನೇ ತಂತಿ ಒಂದs. ಹಂಗಾಗಿ ನೀವು ಹುಡುಕಬೇಕಾದ್ದೂ ಒಂದs ಸ್ವರ: ತಳದಾಗ 110 ಹರ್ಟ್ಜ್‌ನ ಎ ಖುಲ್ಲಾ (ಬೆರಳು ಒತ್ತದs) ಮಿಡೀತದೋ, 98 ಹರ್ಟ್ಜ್‌ನ ಜಿ ಮಿಡೀತದೋ?

ಬಾಕಿಯವ್ರು ಮೊದಲ ಕಾರ್ಡ್ ಹುಡುಕ್ತಾರ. ಅಲ್ಲೇ ದಾರಿ ತಪ್ಪತದ. ಯಾಕಂದ್ರ ಇಂಥಾ ಟ್ಯೂನಿಂಗ್‌ನಾಗ ಕೈ ಎಲ್ಲೇ ಇದ್ದರೂ ಎರಡು ಮೂರು ತಂತಿ ಖುಲ್ಲಾನs ಇರ್ತಾವ. ಅವು ತಂಬೂರಿ ಇದ್ದಂಗ. ಮೊದಲ ಷಡ್ಜ ಹಿಡೀರಿ. 'ಫ್ರೆಂಡ್ಸ್' ಷಡ್ಜ ಬಿಳಿ ಒಂದು, ಅಂದ್ರ ಸಿ. ಫೋನಿನ ತಂಬೂರಿ ಆ್ಯಪ್ ಬಿಳಿ ಒಂದಕ್ಕ ಹಚ್ಚಿ ಹಾಡಿನ ಜೊತಿ ಬಿಡ್ರಿ, ಕೂಡತದ. ಈಗ ತಂತಿಗಳನ್ನ ಸರಿಗಮದಾಗ ಬರಕೊಳ್ರಿ: ಸ ಧ ಸ ಪ ಸ ಗ. ಮೂರು ಷಡ್ಜ, ಒಂದು ಪಂಚಮ, ಒಂದು ಗಾಂಧಾರ. ಇವುಗಳ ನಡುವ ಆ ಧೈವತ ಒಂದು ಹೊರಗಿನವರಂಗ ಕೂತದ ನೋಡ್ರಿ, ಈ ಟ್ಯೂನಿಂಗಿನ ರುಚಿ ಎಲ್ಲಾ ಅಲ್ಲೇ ಅದ.

ಕಿವಿ ಮ್ಯಾಲೆ ಭರೋಸಾ ಇಲ್ಲಂದ್ರ ಆಡಾಸಿಟಿ ಅನ್ನೂ ಸದ್ದು ತಿದ್ದೂ ಸಾಫ್ಟ್‌ವೇರ್‌ನೊಳಗ ಟ್ರ್ಯಾಕನ್ನ ಸ್ಪೆಕ್ಟ್ರೊಗ್ರಾಮ್ (ಯಾವ ಹೊತ್ತಿಗೆ ಯಾವ ಕಂಪನ ಅಂತ ತೋರಸೂ ಚಿತ್ರ) ನೋಟಕ್ಕ ತಿರುಗಿಸ್ರಿ. ವಿಂಡೊ ಸೈಜ್ 16384 ಇಡ್ರಿ. 2048 ಇಟ್ರ ಒಂದೊಂದು ಪಟ್ಟಿ ಸುಮಾರು 21 ಹರ್ಟ್ಜ್ ಅಗಲ ಆಗತದ, ಜಿ ಯಾವುದು ಎ ಯಾವುದು ತಿಳಿಯೂದಿಲ್ಲ. 16384ಕ್ಕ ಪಟ್ಟಿ 2.7 ಹರ್ಟ್ಜ್‌ಗೆ ಇಳೀತದ. ಕೆಳಗ 40, ಮ್ಯಾಲೆ 400 ಅಂತ ಮಿತಿ ಹಾಕ್ರಿ. ತಂತಿಗಳ ಜಾಗ: 65.4, 110, 130.8, 196, 261.6, 329.6. ಖುಲ್ಲಾ ತಂತಿಯ ಗೆರಿ ಉದ್ದಕ ಹರೀತದ, ಒತ್ತಿದ ಸ್ವರದ್ದು ಬೆರಳು ಎತ್ತಿದ ಕೂಡಲೇ ಕಡೀತದ. ಅದs ಗುರುತು. ಆದ್ರ 130.8ರ ಗೆರಿ ಕಂಡ ಕೂಡಲೇ ನಾಲ್ಕನೇ ತಂತಿ ಅನಬ್ಯಾಡ್ರಿ. ಆರನೇ ತಂತಿಯ ಎರಡನೇ ಹಾರ್ಮಾನಿಕ್ಕೂ (ಮೂಲ ಕಂಪನದ ದುಪ್ಪಟ್ಟು) ಅಲ್ಲೇ ಬೀಳತದ. ಯಾವುದರ ಮೀಟು ಅನ್ನೂದನ್ನ ಕಿವೀನs ಹೇಳಬೇಕು.

ಹಾಡಿನ ಕೊನೆಗೆ ಗುಂಯ್ ಅಂತ ಏಳೂ ಸದ್ದನ್ನ ಗಿಟಾರಿನಾಗ ಹುಡುಕಿ ಹೈರಾಣ ಆಗಬ್ಯಾಡ್ರಿ. ಅದು ಮೂಗ್ ಸಿಂಥಸೈಜರ್. ಮುಂದಿನ ಹಾಡಿನ ಆರಂಭ ಟೇಪಿನಾಗ ಅಳಿಸಿ ಹೋಗಿದ್ದಕ್ಕ ಅದನ್ನs ಸೇತುವೆ ಮಾಡ್ಯಾರ.

'ಟ್ಯಾಂಜರೀನ್' ಸ್ಟ್ಯಾಂಡರ್ಡ್ ಟ್ಯೂನಿಂಗ್. ಎ ಮೈನರ್, ಜಿ, ಡಿ ಹಿಡಿದು ಶುರು ಮಾಡ್ರಿ. ಬ್ಯಾರೆ ಅನಸೂದು ಹನ್ನೆರಡು ತಂತಿ ಗಿಟಾರಿನ ಸಲುವಾಗಿ. ಜಾರೂ ಸದ್ದು ಪೆಡಲ್ ಸ್ಟೀಲ್ ಅನ್ನೂ ಬ್ಯಾರೆ ಗಿಟಾರಿಂದು.

ಮಾಟುಂಗಾ_ಮೀಟು:

ಗರಗರಕ್ಕೆ ಉತ್ತರ ನಾನು ಹೇಳ್ತೇನೆ, ಇದು ಲೆಕ್ಕದ ವಿಷಯ ಮಾರಾಯ್ರೆ.

ಅದೇ ತಂತಿ, ಅದೇ ಉದ್ದ ಇದ್ದರೆ ಬಿಗಿತ ಕಂಪನದ ವರ್ಗಕ್ಕೆ ತಕ್ಕ ಹಾಗೆ ಏರಿಳೀತದೆ. ಇ ಅಂದ್ರೆ 82.4 ಹರ್ಟ್ಜ್, ಸಿ 65.4. ಭಾಗಿಸಿ ವರ್ಗ ಮಾಡಿದ್ರೆ 0.63. ನಿಮ್ಮ 53ರ ತಂತಿಯಲ್ಲಿ ಮೊದಲಿದ್ದ ಬಿಗಿತದ ಶೇ. 63 ಮಾತ್ರ ಉಳಿದದ್ದು. ಸಡಿಲ ತಂತಿ ಅಗಲಕ್ಕೆ ತೂಗ್ತದೆ, ಫ್ರೆಟ್‌ಗೆ ಬಡೀತದೆ. ಅದರ ಮೇಲೆ ನಾಲ್ಕನೇ ತಂತಿಯೂ ಡಿಯಿಂದ ಸಿ-ಗೆ ಇಳಿದಿದೆ. ಒಟ್ಟು ಎಳೆತ ಕಡಿಮೆಯಾದ್ರೆ ನೆಕ್ ಮುಂದಕ್ಕೆ ಬಾಗುವುದು ಕಡಿಮೆಯಾಗಿ ನೇರ ಆಗ್ತದೆ. ಮೊದಲ ನಾಲ್ಕೈದು ಫ್ರೆಟ್‌ನಲ್ಲೇ ಸದ್ದು ಬರ್ಲಿಕ್ಕೆ ಕಾರಣ ಅದು.

ಮೊದಲಿನ ಬಿಗಿತ ಪೂರ್ತಿ ಬೇಕಾದ್ರೆ 53ರ ಜಾಗದಲ್ಲಿ 67 ಹಾಕ್ಬೇಕು. ಅದು ಹುಚ್ಚು, ನಟ್‌ನ (ನೆಕ್‌ನ ತಲೆ ಬದಿಯಲ್ಲಿ ತಂತಿ ಕೂರುವ ಪಟ್ಟಿ) ಗೀರಿನಲ್ಲಿ ಕೂರುವುದೂ ಇಲ್ಲ. 56 ಹಾಕಿದ್ರೆ ಸುಮಾರು ಶೇ. 70, ಬಿಡಿ ತಂತಿ 59 ಸಿಕ್ಕಿದ್ರೆ ಶೇ. 78. 13-56ರ ಸೆಟ್ ತಕ್ಕೊಳ್ಳಿ, ಮುಂಬಯಿಯ ಧೋಬಿ ತಲಾವ್ ಕಡೆ ವಾದ್ಯದ ಅಂಗಡಿಗಳಲ್ಲಿ ಸಿಗ್ತದೆ. ಆದ್ರೆ ಒಂದು ಮಾತು: ಈ ಸೆಟ್ ಹಾಕಿದ ಮೇಲೆ ಸ್ಟ್ಯಾಂಡರ್ಡ್ ಟ್ಯೂನಿಂಗ್‌ಗೆ ಏರಿಸಿ ವಾರಗಟ್ಟಲೆ ಬಿಡುವುದು ಹಗುರದ ಗಿಟಾರ್‌ಗೆ ಒಳ್ಳೆಯದಲ್ಲ, ಬ್ರಿಜ್ (ಮೈ ಮೇಲೆ ತಂತಿ ಕಟ್ಟುವ ಮರದ ಪಟ್ಟಿ) ಹಿಂದೆ ಹಲಗೆ ಉಬ್ಬಿ ಹೊಟ್ಟೆ ಬರ್ತದೆ. 13ರ ಸೆಟ್ ಇದ್ದಷ್ಟು ದಿನ 'ಟ್ಯಾಂಜರೀನ್' ಅರ್ಧ ಸ್ವರ ಕೆಳಗೆ ಟ್ಯೂನ್ ಮಾಡಿ ಒಂದನೇ ಫ್ರೆಟ್‌ಗೆ ಕ್ಯಾಪೊ (ಎಲ್ಲಾ ತಂತಿ ಒಟ್ಟಿಗೆ ಒತ್ತುವ ಕ್ಲಿಪ್) ಹಾಕಿ ನುಡಿಸಿ.

ಟ್ರಸ್ ರಾಡ್ (ನೆಕ್ ಒಳಗಿನ, ಬಾಗು ಸರಿಪಡಿಸುವ ಸರಳು) ಮುಟ್ಟುವ ಮೊದಲು ಅಳೆಯಿರಿ. ಸಿ ಸಿಕ್ಸ್ತ್‌ಗೆ ಟ್ಯೂನ್ ಮಾಡಿಟ್ಟೇ ಅಳೀಬೇಕು, ಸ್ಟ್ಯಾಂಡರ್ಡ್‌ನಲ್ಲಿ ಅಳೆದರೆ ಪ್ರಯೋಜನ ಇಲ್ಲ. ಒಂದನೇ ಫ್ರೆಟ್‌ಗೆ ಕ್ಯಾಪೊ, ಹದಿನಾಲ್ಕನೇ ಫ್ರೆಟ್‌ನಲ್ಲಿ ಆರನೇ ತಂತಿ ಒತ್ತಿ, ಏಳನೇ ಫ್ರೆಟ್ ಮೇಲೆ ಎಷ್ಟು ಸಂದು ಉಂಟು ನೋಡಿ. 0.25 ಮಿ.ಮೀ. ಆಸುಪಾಸು ಸಾಕು. ಸಂದೇ ಇಲ್ಲದಿದ್ರೆ ರಾಡನ್ನು ಎಡಕ್ಕೆ ಎಂಟನೇ ಒಂದು ಸುತ್ತು ಸಡಿಲಿಸಿ, ಅರ್ಧ ಗಂಟೆ ಬಿಟ್ಟು ಪುನಃ ನೋಡಿ. ಒಂದೇ ಸಲಕ್ಕೆ ಕಾಲು ಸುತ್ತಿಗಿಂತ ಹೆಚ್ಚು ಬೇಡ.

ಮಳೆಗಾಲದಲ್ಲಿ ಈ ಲೆಕ್ಕ ತಲೆಕೆಳಗೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಬಯಿ ಗಾಳಿಗೆ ಮೇಲಿನ ಹಲಗೆ ಉಬ್ಬಿ ಬ್ರಿಜ್ ಏಳ್ತದೆ, ತಂತಿ ಎತ್ತರ ಆಗ್ತದೆ. ಗರಗರ ತಾನಾಗಿ ನಿಂತ ಹಾಗೆ ಕಾಣ್ತದೆ, ಬದಲಿಗೆ ಒತ್ತಿದ ಸ್ವರ ಏರ್ತದೆ. ಆಗ ಸ್ಯಾಡಲ್ (ಬ್ರಿಜ್ ಮೇಲೆ ತಂತಿ ಕೂರುವ ಪಟ್ಟಿ) ಉಜ್ಜಿ ತಗ್ಗಿಸಿದ್ರೋ, ಡಿಸೆಂಬರ್‌ನಲ್ಲಿ ಹಲಗೆ ಇಳಿದಾಗ ಎಲ್ಲಾ ತಂತಿಯೂ ಬಡೀತದೆ. ಉಜ್ಜಿದ ಸ್ಯಾಡಲ್ ವಾಪಸ್ ಬೆಳೆಯುವುದಿಲ್ಲ.

ಮಡಗಾಂವ್_ಕ್ಯಾಪೊ:

'ದಟ್ಸ್ ದ ವೇ' ಬಗ್ಗೆ. ನಿಮ್ಮ ಬೆರಳುಗಳು ಸರಿ, ಶ್ರುತಿ ಮಾತ್ರ ಅರ್ಧ ಸ್ವರ ಮೇಲಿದೆ. ರೆಕಾರ್ಡಿಂಗ್ ಇರುವುದು ಓಪನ್ ಜಿ ಫ್ಲ್ಯಾಟ್‌ನಲ್ಲಿ: ಡಿ ಫ್ಲ್ಯಾಟ್, ಜಿ ಫ್ಲ್ಯಾಟ್, ಡಿ ಫ್ಲ್ಯಾಟ್, ಜಿ ಫ್ಲ್ಯಾಟ್, ಬಿ ಫ್ಲ್ಯಾಟ್, ಡಿ ಫ್ಲ್ಯಾಟ್. ಕಟ್ಟಿಯವರ ಲೆಕ್ಕದಲ್ಲಿ ಹೇಳುವುದಾದರೆ ಕಪ್ಪು ಮೂರರ (ಜಿ ಫ್ಲ್ಯಾಟ್) ಷಡ್ಜ, ತಂತಿಗಳು ಪ ಸ ಪ ಸ ಗ ಪ. ಸ್ಟ್ಯಾಂಡರ್ಡ್‌ನಿಂದ ಹೊರಟರೆ ಆರು, ಐದು, ಒಂದನೇ ತಂತಿಗಳು ತಲಾ ಮೂರು ಫ್ರೆಟ್‌ನಷ್ಟು ಇಳಿಯಬೇಕು. ನಾಲ್ಕು, ಮೂರು, ಎರಡನೆಯವು ಒಂದೊಂದು ಫ್ರೆಟ್.

ಕಲಿಯುವ ಹಂತದಲ್ಲಿ ಗಿಟಾರ್ ಇಳಿಸುವ ಬದಲು ಹಾಡನ್ನೇ ಏರಿಸಿ. ಆಡಾಸಿಟಿಯಲ್ಲಿ ವೇಗ ಬದಲಿಸದೆ ಪಿಚ್ ಮಾತ್ರ ಒಂದು ಸೆಮಿಟೋನ್ ಮೇಲಕ್ಕೆ, ಟೆಂಪೊ ಬೇಕಿದ್ದರೆ ಶೇ. 30 ಕೆಳಕ್ಕೆ. ಅದಕ್ಕಿಂತ ನಿಧಾನ ಮಾಡಿದರೆ ಮೀಟಿನ ತುದಿ ಕಲಸಿಹೋಗಿ ಯಾವ ತಂತಿ ಮೊದಲು ಬಿತ್ತು ಎಂಬುದೇ ತಿಳಿಯುವುದಿಲ್ಲ. ಹಿಂದೆ ಮ್ಯಾಂಡೊಲಿನ್ ಮತ್ತು ಪೆಡಲ್ ಸ್ಟೀಲ್ ಇವೆ. ಜಾರಿಕೆಗಳನ್ನು ಅಕೌಸ್ಟಿಕ್‌ನ ಲೆಕ್ಕಕ್ಕೆ ಹಾಕಬೇಡಿ.

ಯಾವ ಫೈಲ್‌ನಿಂದ ಕೇಳುತ್ತಿದ್ದೀರಿ ಎಂಬುದೂ ಮುಖ್ಯ. ಯಾರ್ಯಾರೋ ವಿಡಿಯೊ ತಾಣಕ್ಕೆ ಏರಿಸಿದ ಪ್ರತಿಗಳಲ್ಲಿ ಹಕ್ಕುಸ್ವಾಮ್ಯದ ಜರಡಿ ತಪ್ಪಿಸಲು ಶ್ರುತಿ ಸರಿಸಿರುವುದುಂಟು. ಸಿಡಿ ಅಥವಾ ಅಧಿಕೃತ ಸ್ಟ್ರೀಮಿಂಗ್ ಪ್ರತಿಯನ್ನೇ ಹಿಡಿಯಿರಿ. ಅಲ್ಲೂ ಹತ್ತಿಪ್ಪತ್ತು ಸೆಂಟ್ (ಸೆಮಿಟೋನ್‌ನ ನೂರನೇ ಒಂದು ಭಾಗ) ಆಚೀಚೆ ಕಂಡರೆ ಟ್ಯೂನರ್‌ನ ಆಧಾರ ಶ್ರುತಿ 440 ಹರ್ಟ್ಜ್ ಅನ್ನೇ ಸರಿಸಿ: 25 ಸೆಂಟ್ ಕೆಳಗಿದ್ದರೆ 434, ಮೇಲಿದ್ದರೆ 446.

ಮಾಟುಂಗಾದವರ 13ರ ಸೆಟ್ ಸಲಹೆಗೆ ನನ್ನ ಅರ್ಧ ಒಪ್ಪಿಗೆ. ಸಿ ಸಿಕ್ಸ್ತ್‌ನಲ್ಲಿ ಎರಡನೇ ತಂತಿ ಬಿಯಿಂದ ಸಿ-ಗೆ ಏರಬೇಕು, ಬಿಗಿತ ಶೇ. 12 ಹೆಚ್ಚು. ಸಮುದ್ರದ ಉಪ್ಪು ಗಾಳಿಗೆ ತುಕ್ಕು ಹಿಡಿದ ತಂತಿ ಅಲ್ಲೇ ಕಡಿಯುತ್ತದೆ. ಎಲ್ಲವನ್ನೂ ಅರ್ಧ ಸ್ವರ ಕೆಳಗೆ ಟ್ಯೂನ್ ಮಾಡಿ ಒಂದನೇ ಫ್ರೆಟ್‌ಗೆ ಕ್ಯಾಪೊ ಹಾಕಿದರೆ ಎರಡನೇ ತಂತಿ ಬಿಯಲ್ಲೇ ಇರುತ್ತದೆ.

ಮಾಟುಂಗಾ_ಮೀಟು:

ಎರಡನೇ ತಂತಿ ಉಳೀತದೆ, ಆರನೆಯದ್ದು ಹೋಗ್ತದೆ. ಇಯಿಂದ ಬಿ-ಗೆ ಐದು ಫ್ರೆಟ್ ಇಳಿದ್ರೆ ಉಳಿಯುವ ಬಿಗಿತ ಶೇ. 56. ಪ್ರಶ್ನೆ ಇರುವುದೇ ಗರಗರದ್ದು, ಅದಕ್ಕೆ ಇನ್ನೂ ಸಡಿಲ ಮಾಡುವುದು ಎಂತಕ್ಕೆ? 59 ಹಾಕಿದವರಿಗೆ ಕ್ಯಾಪೊ ಉಪಾಯ ಸರಿ. ತಂತಿ ಕಡಿಯುವ ಹೆದರಿಕೆಗೆ ಕೋಟಿಂಗ್ ಇರುವ ಹೊಸ ತಂತಿ, ನುಡಿಸಿದ ಮೇಲೆ ಒಣ ಬಟ್ಟೆಯಲ್ಲಿ ಒರೆಸುವುದು, ಅಷ್ಟೇ.

ಪೆಗ್ ತಿರುಗಿಸುವ ಕ್ರಮವೂ ಉಂಟು. ಮೊದಲು ಆರನೇ ತಂತಿ ಇಳಿಸಿ, ಮತ್ತೆ ನಾಲ್ಕನೆಯದ್ದು, ಕೊನೆಗೆ ಎರಡನೆಯದ್ದು ಏರಿಸಿ. ಇಳಿಸುವಾಗ ಬೇಕಾದ ಸ್ವರಕ್ಕಿಂತ ಸ್ವಲ್ಪ ಕೆಳಗೇ ಹೋಗಿ, ಅಲ್ಲಿಂದ ಮೇಲಕ್ಕೆ ಬನ್ನಿ. ಮೇಲಿನಿಂದ ಬಂದು ನಿಲ್ಲಿಸಿದ್ರೆ ಗೇರ್‌ನ ಸಡಿಲ ಉಳಿದು, ಎರಡು ಮೀಟಿಗೆ ಶ್ರುತಿ ಜಾರ್ತದೆ. ಮುಟ್ಟದ ಮೂರು ತಂತಿಗಳೂ ಅಷ್ಟರಲ್ಲಿ ಚೂರು ಏರಿರ್ತವೆ, ಯಾಕಂದ್ರೆ ನೆಕ್ ಹಿಂದೆ ಸರಿದಿದೆ. ಹಾಗಾಗಿ ಪೂರಾ ಎರಡು ಸುತ್ತು ಟ್ಯೂನ್ ಮಾಡ್ಬೇಕು.

ಡೊಂಬಿವ್ಲಿ_ಆರುತಂತಿ:

ಎಲ್ಲರಿಗೂ ಧನ್ಯವಾದ. 13-56 ಹಾಕಿದೆ. ಸ್ಪೆಕ್ಟ್ರೊಗ್ರಾಮ್‌ನಲ್ಲಿ 110ರ ಗೆರೆ ಸ್ಪಷ್ಟ, 98ರಲ್ಲಿ ಏನೂ ಇಲ್ಲ. ಸಿ ಸಿಕ್ಸ್ತ್ ಖಚಿತವಾಯಿತು. ಆರನೇ ತಂತಿ ಜೋರಾಗಿ ಹೊಡೆದರೆ ಮಾತ್ರ ಬಡಿಯುತ್ತದೆ. ಉಳಿದವು ಎರಡು: ಎರಡನೇ ತಂತಿ ಏರಿಸುವಾಗ ಟಿಣ್ ಎಂದು ಸದ್ದಾಗಿ ಶ್ರುತಿ ಒಮ್ಮೆಲೇ ಹಾರುತ್ತದೆ. ಆರನೇ ತಂತಿ ಟ್ಯೂನರ್‌ನಲ್ಲಿ ಸರಿ ತೋರಿಸಿದರೂ ಹಾಡಿನ ಜೊತೆ ತುಸು ಏರಿದಂತೆ ಕೇಳುತ್ತದೆ.

ಮಡಗಾಂವ್_ಕ್ಯಾಪೊ:

ಟಿಣ್ ಸದ್ದು ನಟ್‌ನದು. ಹಳೆಯ ಸೆಟ್‌ನ 16ಕ್ಕೆ ಕೊರೆದ ಗೀರಿನಲ್ಲಿ ಹೊಸ ಸೆಟ್‌ನ 17ರ ತಂತಿ ಸಿಕ್ಕಿಕೊಂಡು ಬಿಗಿತ ಕೂಡಿಸಿಟ್ಟು ಒಮ್ಮೆಲೇ ಬಿಡುತ್ತದೆ. ತಂತಿ ಸಡಿಲಿಸಿ ಪಕ್ಕಕ್ಕೆ ಸರಿಸಿ, ಗೀರಿಗೆ ಮೆತ್ತನೆಯ ಪೆನ್ಸಿಲಿನ ಸೀಸ ತುಂಬಿ. 4ಬಿ ಅಥವಾ 6ಬಿ ಆಗಲಿ, ಶಾಲೆಯ ಎಚ್‌ಬಿ ಗಟ್ಟಿ. ಅದಕ್ಕೂ ಬಗ್ಗದಿದ್ದರೆ ಗೀರಿನ ಗೋಡೆಗಳನ್ನು ನಟ್ ಫೈಲ್‌ನಿಂದ ಅಗಲಿಸಬೇಕು. ತಳ ಮುಟ್ಟಬಾರದು; ತಳ ತಗ್ಗಿದರೆ ಖುಲ್ಲಾ ತಂತಿಯೇ ಒಂದನೇ ಫ್ರೆಟ್‌ಗೆ ತಾಗುತ್ತದೆ.

ಕೋಥ್ರೂಡ್_ಕಟ್ಟಿ:

ಆರನೇ ತಂತಿದು ಹಿಂಗದ: ಸಡಿಲ ತಂತಿ ಜೋರ ಮೀಟಿದ್ರ ಮೊದಲ ಏರಿ ಆಮ್ಯಾಲೆ ಇಳೀತದ. ಟ್ಯೂನರ್ ಮುಂದ ನೀವು ಮೆಲ್ಲಕ ಮೀಟತೀರಿ, ಹಾಡಿನಾಗ ಹೊಡೀತೀರಿ. ಹಾಡಿನಾಗ ಎಷ್ಟು ಜೋರೋ ಅಷ್ಟs ಜೋರಲೆ ಮೀಟಿ ಟ್ಯೂನ್ ಮಾಡ್ರಿ, ಇಲ್ಲಾ ಮೂರ್ನಾಲ್ಕು ಸೆಂಟ್ ಕೆಳಗ ಬಿಡ್ರಿ. ಎಡಗೈ ಒತ್ತೂದೂ ಹಗೂರಾಗಲಿ.

ಇನ್ನೊಂದು. 1972ರಾಗ ಈ ತಂಡದ ಗಿಟಾರ್ ವಾದಕ ಪೇಜ್ ಮತ್ತು ಗಾಯಕ ಪ್ಲಾಂಟ್ ನಿಮ್ಮ ಮುಂಬಯಿಗೇ ಬಂದು ಇಲ್ಲಿನ ವಾದ್ಯಗಾರರ ಜೊತಿ 'ಫ್ರೆಂಡ್ಸ್' ರೆಕಾರ್ಡ್ ಮಾಡ್ಯಾರ. ಅವರ 'ಕೋಡಾ' ಆಲ್ಬಮ್ಮಿನ 2015ರ ಮರುಬಿಡುಗಡೆಯೊಳಗ ಅದು ಸಿಗತದ. ಆಲ್ಬಮ್ಮಿನ ಪ್ರತಿ ಬಿಡಿಸಿಯಾದ ಮ್ಯಾಲೆ ಅದನ್ನ ಕೇಳ್ರಿ, ಒಂದs ಹಾಡಿನ ಎರಡು ನುಡಿಸಾಣಿಕಿ ಪಕ್ಕಪಕ್ಕ ಇಟ್ರ ಯಾವ ಸ್ವರ ಕಾಯಂ, ಯಾವುದು ಆ ಹೊತ್ತಿಂದು ತಿಳೀತದ. ಷಡ್ಜ ಮಾತ್ರ ಅಲ್ಲಿ ಹೊಸದಾಗಿ ತಂಬೂರಿ ಹಚ್ಚಿ ನೋಡಿಕೊಂಡs ಶುರು ಮಾಡ್ರಿ.